ನೀರಕ್ಕ ಬಯಸಿದ ತಪ್ಪು

ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್ನಳಿಗೆ ನೀರಕ್ಕ ಎಂದು ಹೆಸರಿಟ್ಟವಳು ನಾನೇ. ಆಪರೇಷನ್ನಿನಲ್ಲಿ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ಯಂತ್ರದಲ್ಲಿ ಪೊರೆಯಷ್ಟು ತೆಳ್ಳಗೆ ಕತ್ತರಿಸಿ, ಬೆಚ್ಚಗಿನ ನೀರಿನ ತಟ್ಟೆಯಲ್ಲಿ ತೇಲಿಸಿ ಗಾಜಿನ ಮೇಲೆ ಎತ್ತಿಕೊಳ್ಳುವುದು ನಮ್ಮ ಕೆಲಸ. ಒಂದು ಚೂರು ನೀರಿನಲ್ಲೇ ಉಳಿದು ಮುಂದಿನ ಗಾಜಿಗೆ ಅಂಟಿತೋ, ಇಲ್ಲದ ರೋಗವೂ ಇದ್ದಂತೆ ಕಾಣುತ್ತದೆ. ಅದಕ್ಕೇ ನೀರಕ್ಕ ಪ್ರತಿ ಸಲವೂ ನೀರಿನ ಮೇಲೆ ಕಾಗದ ಎಳೆದು ಒರೆಸುತ್ತಿದ್ದಳು. ನಾವು ಮರೆತರೆ ಜನ್ಮ ಜಾಲಾಡುತ್ತಿದ್ದಳು. "ನಿಮ್ಮನೆಯವರದ್ದಾಗಿದ್ರೆ ಹೀಗೆ ಮಾಡ್ತಿದ್ಯಾ?" ಎನ್ನುವುದು ಅವಳ ಪಲ್ಲವಿ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳ ತಂಗಿಯ ಅಂಡಾಶಯದಲ್ಲಿ ಗಡ್ಡೆ ಕಾಣಿಸಿತು. ಗಡ್ಡೆಯನ್ನೂ, ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪದರದ ಒಂದು ತುಂಡನ್ನೂ ತೆಗೆದು ನಮ್ಮಲ್ಲಿಗೆ ಕಳಿಸಿದರು. ನಾವು ಬೇಡವೆಂದರೂ ಎರಡನ್ನೂ ನೀರಕ್ಕನೇ ಕತ್ತರಿಸಿದಳು. ಗಡ್ಡೆ ಕ್ಯಾನ್ಸರೇ ಆಗಿತ್ತು. ಗಾಜುಗಳನ್ನು ಪರೀಕ್ಷಿಸುವ ನಮ್ಮ ಡಾಕ್ಟರಮ್ಮನಿಗೆ ಕೊಬ್ಬಿನ ಅಂಚಿನಲ್ಲೂ ಅದೇ ಕೋಶಗಳ ಸಣ್ಣದೊಂದು ಗುಂಪು ಕಂಡಿತು.

"ಡಾಕ್ಟ್ರೇ, ಗಡ್ಡೆ ತೇಲಿಸಿದ ನೀರಲ್ಲೇ ಇದನ್ನೂ ಹಾಕಿದ್ದೆ. ಸರಿಯಾಗಿ ಒರೆಸಿರ್ಲಿಲ್ವೋ ಏನೋ. ನನ್ನದೇ ತಪ್ಪಿರ್ಬೇಕು," ಎಂದಳು ನೀರಕ್ಕ. ತಪ್ಪು ತನ್ನದೆಂದು ಅವಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು.

ಹೊಸ ನೀರು ಹಾಕಿ, ಅದೇ ಕೊಬ್ಬಿನ ತುಂಡನ್ನು ಇನ್ನೂ ಆಳದಿಂದ ಕತ್ತರಿಸಿ ಕೊಟ್ಟಳು. ಡಾಕ್ಟರಮ್ಮ ನಮ್ಮಿಬ್ಬರನ್ನೂ ಸೂಕ್ಷ್ಮದರ್ಶಕದ ಬಳಿ ಕರೆದರು.

"ಹೊಟ್ಟೆಯೊಳಗೂ ಸ್ವಲ್ಪ ನೀರಿರುತ್ತಲ್ವಾ. ಗಡ್ಡೆಯಿಂದ ಕಳಚಿದ ಕೋಶಗಳು ಗುಂಪುಗಟ್ಟಿ ಅದ್ರಲ್ಲಿ ತೇಲ್ತವೆ. ಅವುಗಳ ಮೈಮೇಲೆ ಸಿಎ-125 ಅನ್ನೋ ಪ್ರೋಟೀನ್ ಇರುತ್ತೆ, ರಕ್ತಪರೀಕ್ಷೇಲಿ ನೋಡ್ತೀವಲ್ಲ, ಅದೇ. ಒಳಪೊರೆ ಮೇಲಿರೋ ಇನ್ನೊಂದು ಪ್ರೋಟೀನ್ ಅದನ್ನ ಹಿಡ್ಕೊಂಡುಬಿಡುತ್ತೆ. ಅಂಟಿದ ಮೇಲೆ ಪೊರೆ ದಾಟಿ ಹೋಗಿ, ಕೊಬ್ಬನ್ನೇ ಉರುವಲು ಮಾಡ್ಕೊಂಡು ಬೆಳೀತವೆ. ಇಲ್ನೋಡಿ, ಸುತ್ತಲಿನ ಕೊಬ್ಬಿನ ಕೋಶಗಳು ಬತ್ತಿ ಹೋಗಿವೆ. ತಟ್ಟೆಯಲ್ಲಿ ಅಂಟಿದ್ದಾಗಿದ್ರೆ ಸುಮ್ನೆ ಮೇಲೆ ಕೂತಿರ್ತಿತ್ತು. ನಿಮ್ಮ ನೀರು ಶುದ್ಧವಾಗಿಯೇ ಇತ್ತು, ಅಕ್ಕ."

ನೀರಕ್ಕ ತಲೆಯಾಡಿಸಿ, ಕೈ ತೊಳೆದು ವಾರ್ಡಿಗೆ ಹೊರಟಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹಿಂದೆ ಹೋದೆ.

"ಹರಡಿದೆ ಕಣೇ," ಎಂದಳು ತಂಗಿಗೆ. "ಔಷಧಿ ಶುರು ಮಾಡ್ತಾರೆ."

"ಸರಿಯಾಗಿ ನೋಡಿದ್ರಾ? ಯಾರು ಕತ್ತರಿಸಿದ್ದು?"

"ನಾನೇ."

"ಹಾಗಾದ್ರೆ ಸರಿಯಾಗೇ ಇರುತ್ತೆ ಬಿಡು," ಎಂದು ತಂಗಿ, ಮಂಚದ ಮೇಲೆ ಪಕ್ಕಕ್ಕೆ ಸರಿದು ಅಕ್ಕನಿಗೆ ಜಾಗ ಮಾಡಿಕೊಟ್ಟಳು.