ಶ್ರೀನಿವಾಸಪುರದ ಮಿಷನ್ ಮತ್ತು ನನ್ನ ಒಂದು ‘ಹೂಂ’

ಮೊನ್ನೆ ರಕ್ತಪರೀಕ್ಷೆಗೆಂದು ಆಸ್ಪತ್ರೆಗೆ ಹೋಗಿದ್ದೆ. ಪಕ್ಕದ ಯಾವುದೋ ಕೋಣೆಯ ಬಾಗಿಲು ತೆರೆದು ಮುಚ್ಚಿತು. ಫಾರ್ಮಲಿನ್ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ತೋಳಿಗೆ ಪಟ್ಟಿ ಬಿಗಿಯುತ್ತಿದ್ದ ನರ್ಸ್, “ಯಾಕಮ್ಮ ಇಷ್ಟು ನಡುಗ್ತಿದೀರಾ? ಸೂಜಿ ಕಂಡ್ರೆ ಭಯಾನಾ?” ಅಂದಳು. ಸೂಜಿಗಲ್ಲ ತಾಯಿ... ಅವಳಿಗೆ ಹೇಗೆ ಹೇಳಲಿ?

ಎಂಬತ್ತರ ದಶಕದ ಕೊನೆ. ಬೆಂಗಳೂರಿನ ಒಂದು ಪುಟ್ಟ ಕಂಪ್ಯೂಟರ್ ಕಂಪನಿಯಲ್ಲಿ ನನಗೆ ಕೆಲಸ. ನಾನು ಮಾಲೂರಿನವಳು, ಹುಟ್ಟಾ ಪುಕ್ಕಲಿ. ನನಗೆ ಕೆಲಸ ಕಲಿಸಿದವರು ಮುಳಬಾಗಿಲು ಕಡೆಯವರು. ಮೇಡಂ ಅಂದರೆ ಮುಖ ಸಿಂಡರಿಸುತ್ತಿದ್ದರು, ಹಾಗಾಗಿ ಅಕ್ಕ. ಅವರಿಗೆ ನಾನು ‘ಅಮ್ಮಾಯಿ’, ತೆಲುಗಿನ ಹುಡುಗಿ.

ನಮ್ಮ ಕಂಪನಿ ಸಿಕ್ಕ ಸಿಕ್ಕ ಬಿಡಿಭಾಗ ಸೇರಿಸಿ ಮಿಷನ್ ಕಟ್ಟುತ್ತಿತ್ತು. ಕೋಲಾರದ್ದೊಂದು ಥರ, ಮಾಲೂರಿನ ಹೆಂಚಿನ ಕಾರ್ಖಾನೆಯದ್ದು ಇನ್ನೊಂದು ಥರ, ಮುಳಬಾಗಿಲಿನದ್ದು ಮತ್ತೊಂದು, ಶ್ರೀನಿವಾಸಪುರದ್ದಂತೂ ಎಲ್ಲಕ್ಕಿಂತ ಹಳೆಯ ಡಿಸ್ಕ್‌ನದು. ಕಂಪ್ಯೂಟರಿನ ಎಲ್ಲ ಕೆಲಸಕ್ಕೂ ಬುಡವಾಗಿರುವ ಪ್ರೋಗ್ರಾಮಿಗೆ ಕರ್ನಲ್ ಅನ್ನುತ್ತಾರೆ. ಅದನ್ನು ತಿದ್ದಿದಾಗಲೆಲ್ಲ ಫ್ಲಾಪಿಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲಿ ನಾಲ್ಕೂ ಊರು ಸುತ್ತಿ, ನಾಲ್ಕು ಥರದ ಮಿಷನ್‌ಗಳಲ್ಲೂ ಓಡುತ್ತದೆಯೇ ಎಂದು ನೋಡಿ ಬರುವುದು ನಮ್ಮಿಬ್ಬರ ಕೆಲಸ.

ಅಕ್ಕನದು ಒಂದು ಹಟ. ಹೊಸ ಕರ್ನಲ್ ಹಾಕಿದ ಮೇಲೆ ಮಿಷನ್ ಆಫ್ ಮಾಡಿ, ಪೂರ್ತಿ ಒಂದು ಗಂಟೆ ಬಿಟ್ಟು, ತಣ್ಣಗಾದ ಮೇಲೆಯೇ ಮತ್ತೆ ಶುರು ಮಾಡಿ ನೋಡಬೇಕು. ನಡುವೆ ಹೊರಗೆ ಹೋಗಿ ಕಾಫಿ ಕುಡಿದು ಬಂದು, ಮಿಷನ್ ನೆತ್ತಿಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. “ಬೆಳಿಗ್ಗೆ ಜನ ಆಫೀಸಿಗೆ ಬಂದು ಸ್ವಿಚ್ ಹಾಕೋದು ತಣ್ಣಗಿರೋ ಮಿಷನ್‌ಗೆ ಕಣೇ, ನಾವೂ ಹಂಗೇ ನೋಡ್ಬೇಕು” ಅನ್ನುತ್ತಿದ್ದರು. ಆಮೇಲೆ ಪುಸ್ತಕದಲ್ಲಿ ‘ತಣ್ಣನೆ ಪರೀಕ್ಷೆ’ ಎಂಬ ಸಾಲಿನ ಮುಂದೆ ಸರಿ ಗುರುತು.

ಆ ದಿನ ಅಕ್ಕ ಕೋಲಾರದಲ್ಲಿ ಉಳಿದು, ಶ್ರೀನಿವಾಸಪುರಕ್ಕೆ ಮೊದಲ ಬಾರಿ ನನ್ನೊಬ್ಬಳನ್ನೇ ಕಳಿಸಿದರು. ಅಲ್ಲಿ ಮಿಷನ್ ಇದ್ದದ್ದು ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ. ಗೋಡೆ, ನೆಲ, ಕುರ್ಚಿ, ಎಲ್ಲಕ್ಕೂ ರೋಗಾಣು ಕೊಲ್ಲಲು ಬಳಸುವ ಫಾರ್ಮಲಿನ್ ವಾಸನೆ. ಕರ್ನಲ್ ಹಾಕಿ ಮುಗಿಸುವಾಗ ಕೋಲಾರಕ್ಕೆ ಹಿಂದಿರುಗುವ ಸಂಜೆಯ ಬಸ್ಸಿಗೆ ಇಪ್ಪತ್ತು ನಿಮಿಷ ಉಳಿದಿತ್ತು. ಅದು ತಪ್ಪಿದರೆ ಒಬ್ಬಳೇ ಆ ಊರಿನಲ್ಲಿ ಎಲ್ಲಿರಲಿ ಎಂಬ ದಿಗಿಲು. ಆಫ್ ಮಾಡದೆ, ಕರೆಂಟ್ ಇರುವಂತೆಯೇ ಮತ್ತೆ ಶುರು ಮಾಡಿಸುವ ರೀಸೆಟ್ ಗುಂಡಿ ಒತ್ತಿದೆ. ಸರಾಗವಾಗಿ ಎದ್ದುಕೊಂಡಿತು. ಹೀಗೆ ಎದ್ದರೆ ತಣ್ಣಗಾದ ಮೇಲೂ ಏಳುತ್ತದೆ ಬಿಡು ಎಂದುಕೊಂಡು ಸರಿ ಗುರುತು ಹಾಕಿ ಬಸ್ಸಿಗೆ ಓಡಿದೆ.

ಮರುದಿನ ಬೆಳಗಾಗುತ್ತಲೇ ಕೋಲಾರಕ್ಕೆ ಫೋನು. ರಾತ್ರಿ ಆಫ್ ಮಾಡಿದ್ದ ಮಿಷನ್ ಏಳುತ್ತಿಲ್ಲ, ಡಿಸ್ಕೇ ಇಲ್ಲ ಅನ್ನುತ್ತಿದೆಯಂತೆ. ರೇಷ್ಮೆ ಚಿಟ್ಟೆ ಮೊಟ್ಟೆಯಿಟ್ಟ ಹಾಳೆಗಳಲ್ಲಿ ಯಾವುದಕ್ಕೆ ಹುಳು ಕೊಲ್ಲುವ ಗಂಟುರೋಗ ಅಂಟಿದೆ, ಯಾವುದು ಶುದ್ಧ ಎಂಬ ಪಟ್ಟಿ ಇದ್ದದ್ದು ಅದರೊಳಗೆ ಮಾತ್ರ. ಮೊಟ್ಟೆಗಳು ಕಪ್ಪಿಟ್ಟಿದ್ದವು, ಬಿಸಿಲೇರಿದರೆ ಮರಿ ಹೊರಬರುತ್ತವೆ. ರೈತರು ಬಂದು ಕೂತಿದ್ದರು.

ಶ್ರೀನಿವಾಸಪುರದ ಬಸ್ಸಿನಲ್ಲಿ ಅಕ್ಕ ಒಂದೇ ಮಾತು ಕೇಳಿದರು. “ತಣ್ಣಗಾದ ಮೇಲೇ ಶುರು ಮಾಡಿ ನೋಡಿದ್ಯಲ್ವೇನೇ?”

“ಹೂಂ ಅಕ್ಕ,” ಅಂದೆ.

ಎಷ್ಟು ಸಲೀಸಾಗಿ ಬಂತು ಆ ಹೂಂ! ಅದನ್ನು ವಾಪಸ್ ತೆಗೆದುಕೊಳ್ಳಲು ದಾರಿಯುದ್ದಕ್ಕೂ ಬಾಯಿ ತೆರೆದೆ, ಮುಚ್ಚಿದೆ. ಅಕ್ಕ ಕಿಟಕಿಯಾಚೆ ನೋಡುತ್ತ ಏನೇನು ಕೆಟ್ಟಿರಬಹುದೆಂದು ಬೆರಳು ಮಡಿಸುತ್ತಿದ್ದರು...

ಅವರು ನನ್ನನ್ನು ನಂಬಿದ್ದರಿಂದ ಹೊಸ ಕರ್ನಲ್ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಹುಡುಕಿದರು. ಪೆಟ್ಟಿಗೆ ಬಿಚ್ಚಿ ಕೇಬಲ್ ಬದಲಿಸಿದರು, ಕಾರ್ಡ್ ಕಿತ್ತು ಕೂರಿಸಿದರು. ಒಳಗೆ ಕೈ ಹಾಕುವ ಮುನ್ನ ಪ್ರತಿ ಸಲವೂ ಕರೆಂಟ್ ಆಫ್. ಆಮೇಲೆ ಆನ್ ಮಾಡಿದರೆ ಅದೇ ಕಥೆ. ಗಂಟೆ ಒಂಬತ್ತಾಯಿತು. ಹೋಳೂರಿನಿಂದ ಬಂದ ಹೆಂಗಸೊಬ್ಬರು ಒದ್ದೆ ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದರು. “ಹುಳಕ್ಕೆ ಸೊಪ್ಪು ಕೊಯ್ದಿಟ್ಟು ಬಂದಿದೀನಿ ಕಣಪ್ಪಾ, ನಂದಾದ್ರೂ ಕೊಟ್ಬಿಡಿ.”

ಅಕ್ಕ ಮುಖ ಒರೆಸಿಕೊಂಡು ಕೇಂದ್ರದ ಮ್ಯಾನೇಜರ್ ಕಡೆ ತಿರುಗಿದರು. “ಡಿಸ್ಕ್ ಹೋಗಿದೆ ಸಾರ್. ಪಟ್ಟಿ ಸಿಗಲ್ಲ.”

ಮ್ಯಾನೇಜರ್ ಹಾಳೆಯ ಕಟ್ಟುಗಳ ಕಡೆ ನಡೆದರು. ರೋಗದ ಮೊಟ್ಟೆ ಒಂದೇ ಒಂದು ಮನೆಗೆ ಹೋದರೂ ಊರಿನ ಹುಳುವೆಲ್ಲ ನಾಶ. ಎಲ್ಲ ಹಾಳೆಗಳನ್ನೂ ಫಾರ್ಮಲಿನ್ ತೊಟ್ಟಿಗೆ ಹಾಕುವುದೊಂದೇ ದಾರಿ ಅಂದರು. ಮೊದಲ ಕಟ್ಟು ಎತ್ತಿದರು, ಅದ್ದಿದರು.

ಎರಡನೆಯದಕ್ಕೆ ಕೈ ಹಾಕಿದಾಗ ನನ್ನ ಬಾಯಿ ಕಟ್ಟೊಡೆಯಿತು. “ಅಕ್ಕ, ನಾನು ಆಫೇ ಮಾಡಿರ್ಲಿಲ್ಲ! ಬರೀ ರೀಸೆಟ್ ಒತ್ತಿ ಹೋದೆ!”

ಅಕ್ಕ ನನ್ನನ್ನು ನೋಡಲಿಲ್ಲ. ಮಿಷನ್ ಆನ್ ಮಾಡಿದರು. ಹಳೆಯ ಡಿಸ್ಕ್ ಗುರ್ ಎಂದು ನಿಧಾನಕ್ಕೆ ವೇಗ ಹಿಡಿಯಿತು. ಫ್ಲಾಪಿಯಿಂದ ಏಳುವ ನಮ್ಮ ಹೊಸ ಕರ್ನಲ್ ಅಷ್ಟು ಹೊತ್ತು ಕಾಯದೆ, ಡಿಸ್ಕೇ ಇಲ್ಲ ಎಂದು ಕೈಚೆಲ್ಲಿತು. ಅಕ್ಕ ಡಿಸ್ಕ್ ಪೂರ್ತಿ ತಿರುಗಲು ಬಿಟ್ಟು, ರೀಸೆಟ್ ಒತ್ತಿದರು. ಮಿಷನ್ ಎದ್ದು ಕೂತಿತು. ಪಟ್ಟಿ ಬಂತು.

ರೋಗದ ಹಾಳೆಗಳು ಬರೀ ಮೂರು. ಉಳಿದವೆಲ್ಲ ಶುದ್ಧ. ತೊಟ್ಟಿಗೆ ಹೋಗಿದ್ದ ಕಟ್ಟೂ ಶುದ್ಧವೇ. ಅದು ಆ ಹೋಳೂರಿನ ಹೆಂಗಸಿನದು. ಬೇರೆಯವರಿಗೆ ಗೊತ್ತು ಮಾಡಿದ್ದು ಬಿಟ್ಟರೆ ಹೆಚ್ಚಿನ ಹಾಳೆ ಇರಲಿಲ್ಲ. ಆಕೆ ಖಾಲಿ ಚೀಲವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊರಟರು.

ಅಕ್ಕ ಪುಸ್ತಕ ತೆಗೆದು ನನ್ನ ಸರಿ ಗುರುತಿನ ಮೇಲೆ ಗೀಟೆಳೆದರು. ‘ಮಾಡಿಲ್ಲ’ ಎಂದು ಬರೆದು ಕೆಳಗೆ ತಮ್ಮ ಸಹಿ ಹಾಕಿದರು. ಆಫೀಸಿನಲ್ಲಿ ಕೇಳಿದಾಗಲೂ, “ನೋಡ್ಬೇಕಾದೋಳು ನಾನು, ನೋಡ್ಲಿಲ್ಲ” ಅಂದರು. ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಅಕ್ಕನನ್ನು ಪರೀಕ್ಷೆಯ ಕೆಲಸದಿಂದ ತೆಗೆದರು, ಕೆಲವೇ ತಿಂಗಳಲ್ಲಿ ಅವರು ಕಂಪನಿಯನ್ನೇ ಬಿಟ್ಟರು. ಅವರ ಜಾಗಕ್ಕೆ ನಾನು ಬಂದೆ.

ಆ ದಿನ ಶ್ರೀನಿವಾಸಪುರದಿಂದ ಹಿಂದಿರುಗುವಾಗ ಅವರು ಇಡೀ ದಾರಿಯಲ್ಲಿ ಆಡಿದ್ದು ಒಂದೇ ಮಾತು. ಅದೂ ಬಯ್ಗುಳವಲ್ಲ. “ಬಸ್ಸಲ್ಲೇ ಹೇಳ್ಬಾರ್ದಾಗಿತ್ತೇನೇ, ಅಮ್ಮಾಯಿ?”

ಆಮೇಲೆ ಎಷ್ಟೋ ಸಲ ಮುಳಬಾಗಿಲಿಗೆ ಹೋಗಿ ಅವರನ್ನು ನೋಡಬೇಕೆಂದುಕೊಂಡೆ. ನಾಳೆ, ನಾಡಿದ್ದು... ಹೋದ ವರ್ಷ ಅಕ್ಕ ತೀರಿಕೊಂಡ ಸುದ್ದಿ, ತಿಥಿಯೆಲ್ಲ ಮುಗಿದ ಮೇಲೆ ಗೊತ್ತಾಯಿತು.

ನರ್ಸ್ ಸೂಜಿ ತೆಗೆದು ಹತ್ತಿ ಒತ್ತಿದಳು. “ಅಷ್ಟೇ ಅಮ್ಮ, ಆಯ್ತು. ಸುಮ್ನೆ ಹೆದರ್ಕೊಂಡ್ರಿ.”

“ಹೂಂ, ಹೆದರ್ಕೊಂಡ್ಬಿಟ್ಟೆ,” ಅಂದೆ. ಅವತ್ತು ಬಸ್ಸಿನಲ್ಲಿ ಅಕ್ಕ ಕೇಳಿದ್ದಕ್ಕೆ ನಾನು ಹೇಳಬೇಕಾಗಿದ್ದದ್ದೂ ಅಷ್ಟೇ ಆಗಿತ್ತು.