ಇವತ್ತಿನ ಬ್ರೆಡ್ಡು

ಬೇಕರಿ ವ್ಯಾನು ಓಡಿಸುತ್ತಿದ್ದ ಅವನನ್ನು ಬೀದಿಯವರೆಲ್ಲ ಬ್ರೆಡ್ಡಣ್ಣ ಅಂತಲೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಬಿಸಿ ಬ್ರೆಡ್ಡಿನ ಟ್ರೇಗಳನ್ನು ಅಂಗಡಿ ಅಂಗಡಿಗೆ ಇಳಿಸಿದವನು. ಹಿಂದಿನ ದಿನ ಮಾರಾಟವಾಗದೆ ಉಳಿದದ್ದನ್ನು ಹೊತ್ತು ತರುವುದೂ ಅವನ ಕೆಲಸವೇ. ಆ ವಾಪಸು ಮಾಲಿನಲ್ಲಿ ದಿನಕ್ಕೊಂದು ಬ್ರೆಡ್ಡು ಅವನಿಗೆ ಪುಕ್ಕಟೆ. ಹಾಗಾಗಿ ಕಾಸು ಕೊಟ್ಟು ಬ್ರೆಡ್ಡು ಕೊಳ್ಳುವುದು ಅಂದರೆ ಏನೆಂದು ಆ ಮನೆಗೆ ಗೊತ್ತೇ ಇರಲಿಲ್ಲ.

ಕಣ್ಣು ಮಂಜಾಗಿ, ವ್ಯಾನಿನ ಬೀಗದಕೈ ಮಾಲೀಕನಿಗೆ ಒಪ್ಪಿಸಿದ ಮರುದಿನವೇ ಪೇಚಾಟ ಶುರುವಾಯಿತು. ಅವನ ಹೆಂಡತಿ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಮಾಡುವವಳು, ಎಂಟಕ್ಕೆಲ್ಲ ಹೊರಡಬೇಕು. ಮೂಲೆ ಅಂಗಡಿಯಿಂದ ಒಂದು ಬ್ರೆಡ್ಡು ತನ್ನಿ ಅಂದಳು. ಇವನು ಹೋದ, ಸಾಲಿನಲ್ಲಿ ನಾಲ್ಕು ಜನರ ಹಿಂದೆ ನಿಂತ, ಬರಿಗೈಯಲ್ಲಿ ವಾಪಸು ಬಂದ. ಇಷ್ಟು ವರ್ಷ ಹಿಂಬಾಗಿಲಿನಿಂದ ಯಜಮಾನನ ಹಾಗೆ ನುಗ್ಗುತ್ತಿದ್ದವನು ಈಗ ಮುಂಬಾಗಿಲಲ್ಲಿ ಚಿಲ್ಲರೆ ಹಿಡಿದು ನಿಲ್ಲುವುದೇ? ಜೀವ ಹೋದರೂ ಆಗದು ಅಂದ. ಮನೆಯಲ್ಲೇ ಮಾಡಿದರೆ ಅರ್ಧ ಬೆಲೆಗೆ ಆಗುತ್ತೆ, ಬೇಕರಿಯ ಗುಟ್ಟೆಲ್ಲ ನನ್ನ ಕೈಯಲ್ಲಿದೆ ಅಂತ ಬೇರೆ ಕೊಚ್ಚಿಕೊಂಡ.

ಗುಟ್ಟೂ ಇಲ್ಲ, ಮಣ್ಣೂ ಇಲ್ಲ. ಅವನಿಗೆ ಗೊತ್ತಿದ್ದದ್ದು ಬ್ರೆಡ್ಡು ಹೊರುವುದೊಂದೇ.

ಹೆಂಡತಿ ಜಗಳಗಂಟಿಯಲ್ಲ, ಹಾಗಂತ ಪೆದ್ದಿಯೂ ಅಲ್ಲ. ಹತ್ತು ಕಿಲೋ ಮೈದಾದ ಒಂದು ಚೀಲ ತರಿಸಿ ಅಡುಗೆಮನೆಯಲ್ಲಿ ಇಟ್ಟಳು. ಅಂಗಡಿಯ ಬ್ರೆಡ್ಡಿಗೆ ನಲವತ್ತು. ಈ ಚೀಲ ಮುಗಿಯುವುದರೊಳಗೆ ಮನೆಯದು ಅದಕ್ಕಿಂತ ಅಗ್ಗಕ್ಕೆ ಬರಬೇಕು, ಬರದಿದ್ದರೆ ತೆಪ್ಪಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು ಅಂದಳು. ಆಗಲಿ ಅಂತ ಇವನೂ ಮೀಸೆ ತಿರುವಿದ.

ಮೊದಲ ಸಲ ಕುದಿಯುವ ನೀರಿಗೆ ಯೀಸ್ಟು ಸುರಿದು ಕೊಂದ. ಎರಡನೆಯದು ಬಾಗಿಲು ಬಡಿಯದಂತೆ ಅಡ್ಡ ಇಡುವುದಕ್ಕೆ ಬಂತು, ತಿನ್ನುವುದಕ್ಕೆ ಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ರಿಪೇರಿ ಅಂಗಡಿಯಿಂದ ತಂದ ಹಳೇ ಕರೆಂಟಿನ ಒಲೆಯನ್ನು ಬೈದ, ಹಿಟ್ಟನ್ನು ಬೈದ, ಕೊನೆಗೆ ನಲ್ಲಿ ನೀರನ್ನೂ ಬಿಡಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು, ಆಸಾಮಿ ಲೆಕ್ಕದಲ್ಲಿ ಕಳ್ಳನಲ್ಲ. ಒಲೆ ಹಚ್ಚುವ ಮೊದಲು ಕರೆಂಟಿನ ಮೀಟರು ನೋಡಿ ಬರೆದುಕೊಳ್ಳುವನು, ಆರಿಸಿದ ಮೇಲೆ ಮತ್ತೆ ನೋಡುವನು. ಸೀದು ಹೋದದ್ದನ್ನೂ ಖರ್ಚಿಗೇ ಹಾಕುವನು. ಮೊದಲ ವಾರ ಒಂದು ಬ್ರೆಡ್ಡಿಗೆ ಎಪ್ಪತ್ತೆರಡು ಬಿತ್ತು. ಮೂಗಿಗಿಂತ ಮೂಗುತಿ ಭಾರವಾಯಿತಲ್ಲ ಅಂತ ಹೆಂಡತಿ ನಕ್ಕಳು. ಇವನಿಗೆ ಮೈಯೆಲ್ಲ ಉರಿದುಹೋಯಿತು.

ಹಟಕ್ಕೆ ಬಿದ್ದು ಕಲಿತ. ಒಲೆ ಕಾದಾಗ ಒಂದರ ಬದಲು ಎರಡು ಇಡಬೇಕೆಂದು ಕಲಿತ, ಹಿಟ್ಟು ಉಬ್ಬುವ ತನಕ ಅದನ್ನು ಮುಟ್ಟದೆ ಸುಮ್ಮನಿರುವುದನ್ನು ಕಲಿತ. ಈ ಎರಡನೆಯದು ಅವನಿಗೆ ಬಹಳ ಕಷ್ಟವಾಯಿತು. ಎಪ್ಪತ್ತೆರಡು ಅರವತ್ತಾಯಿತು, ಐವತ್ತೊಂದಾಯಿತು. ಚೀಲ ಮಾತ್ರ ಅದಕ್ಕಿಂತ ಬೇಗ ಇಳಿಯುತ್ತಿತ್ತು.

ಕಡೆಗೆ ಒಂದು ಬ್ರೆಡ್ಡಿಗಾಗುವಷ್ಟು ಹಿಟ್ಟು ಉಳಿಯಿತು. ಅವತ್ತು ಹೆಂಡತಿಗೆ ರಜ. ಒಲೆಯ ಬಾಗಿಲು ತೆಗೆದರೆ, ಅಬ್ಬಾ, ಹೊಂಬಣ್ಣದ್ದು, ಹೆಬ್ಬೆರಳಲ್ಲಿ ಒತ್ತಿದರೆ ಮತ್ತೆ ಮೇಲೇಳುವಂಥದ್ದು. ಮನೆ ತುಂಬ ಘಮ. ಹಿಂದಿನ ರಾತ್ರಿಯ ಪಾತ್ರೆ ತಿಕ್ಕುತ್ತಿದ್ದ ಹೆಂಡತಿ ಕೈ ತೊಳೆದುಕೊಂಡು ಬಂದು ಕುಳಿತಳು. ಇವನು ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟ. ಡಬ್ಬಿಯಿಂದ ನಿನ್ನೆಯ ಒಣಕಲು ತೆಗೆದು ಅವಳ ಮುಂದೆ ಇಟ್ಟ.

"ಅದನ್ನ ಯಾಕ್ರೀ ಮೇಲಿಟ್ರಿ?"

"ಅದು ಇವತ್ತಿಂದು ಕಣೇ. ನಾಳೆಗೆ."

ಬಾಯಿಂದ ಬಂದ ಮೇಲೆ ಅವನಿಗೇ ಕೇಳಿಸಿತು. ಅವಳು ನಿನ್ನೆಯ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡುತ್ತಿದ್ದಳು.

"ಮದುವೆಯಾದ ಹೊಸತರಲ್ಲಿ ಒಂದ್ಸಲ ಬಿಸಿದು ಕೇಳಿದ್ದೆ. ಟ್ರೇಲಿರೋದು ಗಿರಾಕಿದು, ಮುಟ್ಟಬಾರದು ಅಂದ್ರಿ. ಆಮೇಲೆ ನಾನು ಕೇಳಲಿಲ್ಲ. ಈಗ ಗಿರಾಕಿ ಯಾರ್ರೀ ಇದ್ದಾರೆ?"

ಅವನ ಮುಖ ಸಣ್ಣಗಾಯಿತು. ಟ್ರೇಗೆ ಕೈ ಹಾಕದ ನಿಯತ್ತಿನ ಮನುಷ್ಯ ಅಂತ ಊರವರಿಂದೆಲ್ಲ ಹೊಗಳಿಸಿಕೊಂಡವನು. ಆ ನಿಯತ್ತಿನ ಒಣಕಲನ್ನು ಮೂವತ್ತೊಂದು ವರ್ಷ ಅಗಿದವಳು ಇವಳು. ಒಂದು ದಿನ, ಒಂದೇ ಒಂದು ದಿನ, ಸಂಬಳದಲ್ಲಿ ಕೊಂಡು ತರಬಹುದು ಅಂತ ತನಗೆ ಹೊಳೆಯಲೇ ಇಲ್ಲವಲ್ಲ. ಬ್ರೆಡ್ಡಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೊಟ್ಟ. ಚಾಕು ಹಾಕಲಾರದಷ್ಟು ಬಿಸಿ. ಅವಳು ಕೈಯಲ್ಲೇ ಮುರಿದು, ಉಫ್ ಉಫ್ ಅಂತ ಊದಿಕೊಂಡು ತಿಂದಳು. ಎರಡನೇ ತುಂಡಿಗೂ ಕೈ ಹಾಕಿದಳು.

ಸಂಜೆ ಲೆಕ್ಕ ಕೂಡಿದ. ನಲವತ್ತಾರು. ಸೋತಿದ್ದ.

ಮರುದಿನ ಬೆಳಗ್ಗೆ ಮೂಲೆ ಅಂಗಡಿಯಲ್ಲಿ ಆರು ಜನರ ಹಿಂದೆ ನಿಂತ. ಅಂಗಡಿಯವನು ಹಳೇ ಸ್ನೇಹಿತ, ಇವನನ್ನು ಕಂಡು ಅವನಿಗೇ ಮುಜುಗರ. ದನಿ ತಗ್ಗಿಸಿ, ನಿನ್ನೆಯದೊಂದು ಉಳಿದಿದೆ, ದುಡ್ಡು ಬೇಡ, ಹಾಗೇ ತಗೊಂಡು ಹೋಗಣ್ಣ ಅಂದ.

"ಬೇಡಪ್ಪ," ಅಂದ ಬ್ರೆಡ್ಡಣ್ಣ, ನಲವತ್ತನ್ನು ಎಣಿಸಿ ಮುಂದಿಡುತ್ತಾ. "ಇವತ್ತಿಂದೇ ಕೊಡು. ಬೇಗ ಕೊಡು, ಎಂಟಕ್ಕೆ ಅವಳು ಹೊರಡಬೇಕು."