ಸಿಗ್ನಲ್ ತಾತನ ಕುಣಿತದ ಕ್ಯಾಸೆಟ್

"ಅಮ್ಮಾ, ಸಿಗ್ನಲ್ ತಾತ ಟೀವಿ ಮುಂದೆ ನಿಂತ್ಕೊಂಡು ನೆಲಕ್ಕೆ ಯಾಕೆ ಒದೀತಾರೆ? ನೆಲ ಏನು ಮಾಡ್ತು ಪಾಪ?"

ಮಗಳಿಗೆ ಐದು ವರ್ಷ. ತಲೆ ಬಾಚಲು ಕೂರಿಸಿದಾಗಲೇ ಅವಳಿಗೆ ಇಂಥ ಪ್ರಶ್ನೆಗಳು ಹುಟ್ಟುವುದು, ಅದೂ ಕತ್ತು ಅಲ್ಲಾಡಿಸಬೇಡ ಎಂದ ಮರುಕ್ಷಣವೇ. ತಾತ ಆಟ ಮಾಡ್ತಿದ್ದಾರೆ ಕಣೇ, ಎಂದೆ. ಬಡಗಿ ಕುರ್ಚಿ ಮಾಡುವ ಹಾಗೆ ಅವರು ಬೇರೆಯವರಿಗಾಗಿ ಆಟ ಮಾಡುತ್ತಿದ್ದಾರೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಒಂದು ಜಡೆ ಮುಗಿದಿತ್ತು. ಇನ್ನೊಂದು ಜಡೆಗೆ ಅವಳ ಬಳಿ ಬೇರೆ ಪ್ರಶ್ನೆ ಸಿದ್ಧವಿತ್ತು. ಮೊದಲನೆಯದಕ್ಕೆ ನಾನು ಕೊಟ್ಟದ್ದು ಅರ್ಧ ಉತ್ತರ. ಮಿಕ್ಕರ್ಧವನ್ನು ಇಲ್ಲಿ ಬರೆದಿಡುತ್ತೇನೆ.

ಸಿಗ್ನಲ್ ತಾತ ನಮ್ಮ ಎದುರು ಬಾಗಿಲಿನವರು. ಮೂರನೇ ಮಹಡಿಯಲ್ಲಿ ಇರುವುದು ಎರಡೇ ಮನೆ, ಎರಡಕ್ಕೂ ಸೇರಿ ಒಂದೇ ಚಪ್ಪಲಿ ಗೂಡು. ನನಗೆ ಅವರು ದೊಡ್ಡಪ್ಪ, ಅವರ ಹೆಂಡತಿ ದೊಡ್ಡಮ್ಮ. ರಕ್ತಸಂಬಂಧವಲ್ಲ, ಬಾಗಿಲ ಸಂಬಂಧ. ಕೆಲಸದಲ್ಲಿದ್ದಷ್ಟು ಕಾಲ ಊರಿನ ಚೌಕಗಳಲ್ಲಿ ಏಣಿ ಹತ್ತಿ ಟ್ರಾಫಿಕ್ ದೀಪ ರಿಪೇರಿ ಮಾಡಿದವರು ಅವರು. ಯಾವ ದೀಪ ಎಷ್ಟು ಹೊತ್ತು ಉರಿಯಬೇಕೆಂದು ಕಂಬದ ಪಕ್ಕದ ಪೆಟ್ಟಿಗೆ ತೆರೆದು ಹೊಂದಿಸುತ್ತಿದ್ದರು. ನಿವೃತ್ತಿಯಾಯಿತು, ಚಟ ಹೋಗಲಿಲ್ಲ. ಅವರ ಜೊತೆ ತರಕಾರಿಗೆ ಹೋದರೆ ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲಬೇಕು. ಒಂದು ಗಾಡಿಯೂ ಇಲ್ಲವಲ್ಲ ದೊಡ್ಡಪ್ಪ ಎಂದರೆ, "ನಾವು ನಿಲ್ಲೋದು ಗಾಡಿಗಲ್ಲಮ್ಮ, ದೀಪಕ್ಕೆ" ಎನ್ನುತ್ತಾರೆ. ಹಸಿರು ಬಿದ್ದ ಮೇಲೂ ಒಂದು ಉಸಿರು ಕಾದು, ಕನ್ನಡಕ ಸರಿಮಾಡಿಕೊಂಡು, ಆಮೇಲೆ ಕಾಲೆತ್ತುತ್ತಾರೆ. ಅಷ್ಟರಲ್ಲಿ ಕೆಲವೊಮ್ಮೆ ಮತ್ತೆ ಕೆಂಪಾಗಿರುತ್ತದೆ.

ದೊಡ್ಡಮ್ಮ ಇದಕ್ಕೆ ತದ್ವಿರುದ್ಧ. ಅವರು ಕುಣಿತ ಕಲಿಸುವವರು. ಬೀದಿ ಕೊನೆಯ ಸಭಾಂಗಣದಲ್ಲಿ ಸಂಜೆ ಹೊತ್ತು ಅವರ ತರಗತಿ. ಕಾಲಿರುವುದು ಬರೀ ನಡೆಯುವುದಕ್ಕಲ್ಲ ಎಂದು ನನ್ನ ಮಗಳೂ ಸೇರಿ ಈ ಬೀದಿಯ ಅರ್ಧಕ್ಕರ್ಧ ಮಕ್ಕಳಿಗೆ ಗೊತ್ತಾಗಿದ್ದು ಅವರಿಂದಲೇ. ಪಾಠ ಹೇಳುವಾಗ ಅವರು ಕೂತದ್ದನ್ನು ಯಾರೂ ಕಂಡಿಲ್ಲ. ಇಂಥವರು ಅಂಥವರನ್ನು ಹೇಗೆ ಮದುವೆಯಾದರು ಎಂಬ ಕುತೂಹಲ ತಡೆಯಲಾರದೆ ಒಮ್ಮೆ ಕೇಳಿಯೇಬಿಟ್ಟಿದ್ದೆ. "ರಸ್ತೆ ದಾಟಿಸ್ತೀನಿ ಬನ್ನಿ ಅಂದ್ರು. ಇನ್ನೂ ದಾಟ್ತಾನೇ ಇದೀವಿ" ಎಂದರು.

ಆ ಹಳೇ ವಿಡಿಯೋ ಗೇಮ್ ಪೆಟ್ಟಿಗೆ ಅವರ ಮನೆಗೆ ಬಂದದ್ದೂ ಕುಣಿತದ ಮಕ್ಕಳ ದೆಸೆಯಿಂದ. ಮೊದಲೆಲ್ಲ ತರಗತಿ ಮನೆಯಲ್ಲೇ ನಡೆಯುತ್ತಿತ್ತಂತೆ. ಬೇಗ ಬಂದ ಮಕ್ಕಳು ಗಲಾಟೆ ಮಾಡದಿರಲಿ ಎಂದು ದೊಡ್ಡಪ್ಪ ತಂದಿಟ್ಟರು. ಟೀವಿಗೆ ವೈರು ಸಿಕ್ಕಿಸಿ, ಪೆಟ್ಟಿಗೆಯ ನೆತ್ತಿಗೆ ದಪ್ಪ ಕ್ಯಾಸೆಟ್ ತುರುಕಿ, ಆಟ ಬಾರದಿದ್ದರೆ ಕ್ಯಾಸೆಟ್ ತೆಗೆದು ಬಾಯಿಂದ ಊದಿ ಮತ್ತೆ ತುರುಕುವ ಕಾಲದ್ದು. ಮಕ್ಕಳು ಬೆಳೆದು ಹೋದರು, ಪೆಟ್ಟಿಗೆ ದೊಡ್ಡಪ್ಪನಿಗೆ ಅಂಟಿಕೊಂಡಿತು. ಸಿಗ್ನಲ್ ಪೆಟ್ಟಿಗೆಯೊಳಗಿನ ಚಿಪ್ಪಿಗೂ ಇದರ ಚಿಪ್ಪಿಗೂ ದಾಯಾದಿ ಸಂಬಂಧವಂತೆ. ತಾವೇ ಕಂಪ್ಯೂಟರಿನಲ್ಲಿ ಆಟ ಬರೆದು, ಚಿಪ್ಪಿಗೆ ತುಂಬಿ, ಅದನ್ನು ಹಳೇ ಕ್ಯಾಸೆಟ್ಟಿನ ಹೊಟ್ಟೆಯೊಳಗೆ ಬೆಸುಗೆ ಹಾಕತೊಡಗಿದರು. ಅವರ ಮೊದಲ ಆಟದಲ್ಲಿ ಒಂದು ಚೌಕ, ನಾಲ್ಕು ದೀಪ, ಒಂದಿಷ್ಟು ಗಾಡಿ. ಚೆನ್ನಾಗಿ ಆಡಿದರೆ ಯಾವ ಗಾಡಿಯೂ ಗುದ್ದಿಕೊಳ್ಳುವುದಿಲ್ಲ.

"ಆಮೇಲೆ?" ಎಂದಳು ಮಗಳು.

"ಆಮೇಲೆ ಎಲ್ಲಾರೂ ಮನೆಗೆ ಹೋಗ್ತಾರೆ ಪುಟ್ಟಿ" ಎಂದರು ದೊಡ್ಡಪ್ಪ.

ಅವಳಿಗೆ ಆ ಆಟ ಹಿಡಿಸಲಿಲ್ಲ.

ಕುಣಿತದ ಆಟಕ್ಕೆ ಕೈ ಹಾಕಿದ್ದು ಮಾತ್ರ ಹೊತ್ತು ಕಳೆಯುವುದಕ್ಕಲ್ಲ. ದೊಡ್ಡಮ್ಮ ಮೆಟ್ಟಿಲಲ್ಲಿ ಜಾರಿ ಮಂಡಿ ಮುರಿದುಕೊಂಡಿದ್ದರು. ಆಪರೇಷನ್ ಆಯಿತು, ಗಾಯ ಒಣಗಿತು, ಮೂಳೆ ಕೂಡಿತು. ಇನ್ನು ಆ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲಿ, ಇಲ್ಲದಿದ್ದರೆ ಮಂಡಿ ಮರದ ಹಾಗೆ ಬಿಗಿದುಕೊಳ್ಳುತ್ತೆ ಎಂದರು ಡಾಕ್ಟರು. ಕಾಲು ಒಪ್ಪಿತ್ತು, ಕಾಲಿನ ಒಡತಿ ಒಪ್ಪಲಿಲ್ಲ. ಬಿದ್ದ ಭಯ ಹಾಗೇ ಉಳಿದುಬಿಟ್ಟಿತ್ತು. ವಾಕರ್ ಹಿಡಿದು, ಆ ಕಾಲನ್ನು ನೆಲಕ್ಕೆ ತಾಗಿಸಿಯೂ ತಾಗಿಸದ ಹಾಗೆ ಬಚ್ಚಲಿಗೆ, ಬಚ್ಚಲಿಂದ ಕಿಟಕಿ ಪಕ್ಕದ ಕುರ್ಚಿಗೆ. ವ್ಯಾಯಾಮ ಮಾಡಿಸಲು ಬಂದವನನ್ನು ವಾರ ತುಂಬುವ ಮೊದಲೇ ಓಡಿಸಿದರು. "ಅವನಿಗೆ ಎಣಿಸೋಕೇ ಬರಲ್ಲ. ಎರಡು ಅಂದು, ಒಂದು ನಿದ್ದೆ ತೆಗೆದು, ಆಮೇಲೆ ಮೂರು ಅಂತಾನೆ."

ಅಷ್ಟರಲ್ಲಿ ಸಭಾಂಗಣದವರು ಮರ್ಯಾದೆಯಿಂದಲೇ ಹೇಳಿ ಕಳಿಸಿದರು. ಶಾಲೆಯ ರಜೆ ಮುಗಿಯುವುದರೊಳಗೆ ಟೀಚರ್ ಬಾರದಿದ್ದರೆ ಆ ಸಂಜೆ ಹೊತ್ತನ್ನು ಕರಾಟೆಯವರಿಗೆ ಕೊಡಬೇಕಾಗುತ್ತದೆ ಎಂದು. "ಕೊಟ್ಕೊಳ್ಳಲಿ ಬಿಡಿ" ಎಂದರು ದೊಡ್ಡಮ್ಮ, ಕಿಟಕಿಯಾಚೆ ನೋಡುತ್ತ. ದೊಡ್ಡಪ್ಪನಿಗೆ ಜೀವ ಹಾರಿಹೋದಂತಾಯಿತು. "ಕರಾಟೆಯವರಿಗಾ ಅಂತ ನನ್ನ ಮೇಲೆ ರೇಗಿದ್ರೆ ನೆಮ್ಮದಿಯಾಗಿರ್ತಿತ್ತು ಕಣಮ್ಮ" ಎಂದು ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿಕೊಂಡರು. ಆ ಕಾಲು ನೆಲಕ್ಕೆ ಇಳಿಯಲೇಬೇಕಿತ್ತು, ಅದೂ ರಜೆ ಮುಗಿಯುವುದರೊಳಗೆ. ಬೇಡಿಕೊಂಡರೆ ಇಳಿಯದ ಕಾಲು ಆಟ ನೋಡಿಯಾದರೂ ಇಳಿದೀತು ಎಂಬುದು ಅವರ ಆಸೆ.

ಆಟ ಹೀಗೆ. ಟೀವಿಯ ಕೆಳಗಿನಿಂದ ಬಾಣದ ಗುರುತುಗಳು ಮೇಲೇರುತ್ತವೆ. ಮೇಲೊಂದು ಗೆರೆ. ಬಾಣ ಗೆರೆ ಮುಟ್ಟುವ ಹೊತ್ತಿಗೆ, ತಾಳಕ್ಕೆ ಸರಿಯಾಗಿ, ನೆಲದ ಚಾಪೆಯ ಮೇಲೆ ಅದೇ ದಿಕ್ಕಿನ ಮನೆಯನ್ನು ತುಳಿಯಬೇಕು. ಚಾಪೆ ಹೊಲಿದುಕೊಟ್ಟದ್ದು ನಾನು. ಮೇಲೆ ಕೆಳಗೆ ಹಳೇ ರೈನ್‌ಕೋಟಿನ ಬಟ್ಟೆ, ಅದರೊಳಗೆ ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆ ಎರಡು ಪದರ, ಪದರಗಳ ನಡುವೆ ತೂತು ಮಾಡಿದ ಸ್ಪಂಜು. ತುಳಿದರೆ ತೂತಿನಲ್ಲಿ ಹಾಳೆಗೆ ಹಾಳೆ ತಾಗಿ ಪೆಟ್ಟಿಗೆಗೆ ಸುದ್ದಿ ಮುಟ್ಟುತ್ತದೆ. ಸೂಜಿ ಮುರಿದಾಗ ದೊಡ್ಡಪ್ಪ ಸಾರಿ ಕೇಳಿದ್ದು ನನ್ನನ್ನಲ್ಲ, ಹೊಲಿಗೆ ಮಷಿನ್ನನ್ನು.

ಪೆಟ್ಟಿಗೆಯ ತಲೆಯಲ್ಲಿ ಜಾಗ ಕಡಿಮೆ. ಒಟ್ಟಿಗೆ ಮೂರು ಸ್ವರ ಹಾಡಬಲ್ಲದು, ಜೊತೆಗೆ ಉಸ್ಸೆನ್ನಬಲ್ಲದು. ಆ ಉಸ್ಸನ್ನೇ ಚೂರು ಚೂರು ಮಾಡಿ ಮದ್ದಳೆ ಮಾಡಿದರು. ಸರಿಯಾಗಿ ತುಳಿದರೆ "ಭೇಷ್", ಮೊದಲೇ ತುಳಿದರೆ "ಅವಸರ", ಆಮೇಲೆ ತುಳಿದರೆ "ತಡ" ಎಂದು ಬರಬೇಕು. ಪುಟ್ಟ ಪುಟ್ಟ ಚೌಕಗಳಲ್ಲಿ ಅಕ್ಷರ ಬಿಡಿಸಿದರು. "ಭೇಷ್ ಕೂರಿಸೋಕೆ ಆಟದ ಚಿತ್ರದಲ್ಲಿ ಹಿಂದೆ ಇದ್ದ ಒಂದು ಮರ ಕಡೀಬೇಕಾಯ್ತು. ಹೊಗಳಿಕೆ ತುಂಬ ಜಾಗ ತಿನ್ನುತ್ತೆ ಕಣಮ್ಮ" ಎಂದರು.

ಇನ್ನು ಉಳಿದದ್ದು ಪರೀಕ್ಷೆ. ದೊಡ್ಡಮ್ಮ ಮಧ್ಯಾಹ್ನ ಮಲಗಿರುವಾಗ, ಶಬ್ದ ಸಣ್ಣಗಿಟ್ಟು, ಬಾಗಿಲು ಅರ್ಧ ತೆರೆದುಕೊಂಡು ತಾವೇ ತುಳಿದು ನೋಡತೊಡಗಿದರು. ಮಗಳು ಕಂಡದ್ದು ಇದನ್ನೇ. ಹೆಜ್ಜೆ ಹೆಜ್ಜೆಗೂ ಟೀವಿ "ತಡ" ಎನ್ನುತ್ತಿತ್ತು. ಪೆಟ್ಟಿಗೆ ಹಳೇದು, ಓಡಿ ಓಡಿ ಮುಂದೆ ಹೋಗ್ತಿದೆ ಎಂದು ತೀರ್ಮಾನಿಸಿ, ಭೇಷ್ ಅನ್ನುವ ಹೊತ್ತನ್ನೇ ತಾಳಕ್ಕಿಂತ ಸ್ವಲ್ಪ ತಡವಾಗಿ ಬರುವಂತೆ ತಳ್ಳಿದರು. ಮತ್ತೆ ತುಳಿದರು, ಮತ್ತೆ ತಳ್ಳಿದರು. ಕೊನೆಗೆ ಅವರ ಕಾಲಿಗೆ ಸಾಲು ಸಾಲಾಗಿ ಭೇಷ್ ಬಂತು. ಕುಣಿಯಲಾರದವರು ನೆಲ ಡೊಂಕು ಅನ್ನುತ್ತಾರಂತೆ. ನಮ್ಮ ದೊಡ್ಡಪ್ಪ ಅಷ್ಟಕ್ಕೆ ನಿಲ್ಲಲಿಲ್ಲ, ತಮ್ಮ ಕಾಲಿಗೆ ಹೊಂದುವ ಹಾಗೆ ನೆಲವನ್ನೇ ಡೊಂಕು ಮಾಡಿಬಿಟ್ಟರು.

ಆಟದ ಉದ್ಘಾಟನೆಗೆ ನನ್ನನ್ನೂ ಮಗಳನ್ನೂ ಕರೆದಿದ್ದರು. ದೊಡ್ಡಮ್ಮ ಕಿಟಕಿ ಪಕ್ಕದಲ್ಲೇ ಇದ್ದರು, ಮುಖ ಆಚೆ. ಮೊದಲು ದೊಡ್ಡಪ್ಪ ಕುಣಿದರು. ಕುಣಿದರು ಎನ್ನಬೇಕೋ, ನಾಲ್ಕು ದಿಕ್ಕಿಗೂ ಜಾಗರೂಕತೆಯಿಂದ ರಸ್ತೆ ದಾಟಿದರು ಎನ್ನಬೇಕೋ. ಟೀವಿ ಭೇಷ್ ಭೇಷ್ ಎಂದು ಸುರಿಯಿತು. ಆಮೇಲೆ ಮಗಳು ಹತ್ತಿದಳು. ತಾಳಕ್ಕೆ ತಕ್ಕ ಹಾಗೆ, ಕಲಿತ ಹಾಗೆ ಹೆಜ್ಜೆ ಹಾಕಿದಳು. ಅವಸರ. ಅವಸರ. ಅವಸರ. ಅವಳ ತುಟಿ ನಡುಗತೊಡಗಿತು.

"ಅವಳು ಸರಿಯಾಗೇ ಹಾಕ್ತಿದ್ದಾಳಲ್ರೀ" ಎಂದು ಕಿಟಕಿ ಕಡೆಯಿಂದ ದನಿ ಬಂತು.

"ಮಷಿನ್ ಸುಳ್ಳು ಹೇಳುತ್ತಾ?" ಎಂದರು ದೊಡ್ಡಪ್ಪ.

"ಮಷಿನ್‌ಗೆ ಹೇಳಿಕೊಟ್ಟಿದ್ದು ಯಾರು?"

"ನಾನೇ. ನನಗೆ ಎಲ್ಲಾ ಭೇಷ್ ಬಂತಲ್ಲ, ನೋಡಲಿಲ್ವಾ?"

"ಅದಕ್ಕೇ ಹೇಳಿದ್ದು. ನಿಮಗೆ ಭೇಷ್ ಬಂದ್ರೆ ಅದು ಕೆಟ್ಟಿದೆ ಅಂತಲೇ ಅರ್ಥ. ಪುಟ್ಟಿ, ನೀನು ಇಳಿ. ಅಳಬೇಡ. ಜರುಗು ಆಚೆ."

ವಾಕರ್ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಅದನ್ನು ಮರೆತರು. ಕುರ್ಚಿಯ ಕೈ ಹಿಡಿದು ಎದ್ದು, ನನ್ನ ಭುಜಕ್ಕೆ ಒಂದು ಕೈ ಕೊಟ್ಟು, ಚಾಪೆಯ ಅಂಚಿಗೆ ಬಂದು, ಗೆರೆಯ ಕಡೆ ಕಣ್ಣೂ ಹಾಕದೆ ಬರೀ ಶಬ್ದ ಕೇಳಿಕೊಂಡು ಕಾಲಿಟ್ಟರು. ಆಪರೇಷನ್ ಆದ ಕಾಲು.

ಅವಸರ.

"ನನಗೆ?" ಎಂದರು. ಇನ್ನೊಮ್ಮೆ ಇಟ್ಟರು. ಅವಸರ. "ನೋಡ್ರೀ, ತಾಳ ಬೀಳೋ ಹೊತ್ತಿಗೆ ಕಾಲು ಅಲ್ಲಿರಬೇಕು. ಬಿದ್ದಿದ್ದು ನೋಡಿ ಆಮೇಲೆ ಹೊರಡೋದಲ್ಲ."

"ಕಾಣದೆ ಹೇಗೆ ಹೊರಡೋದು?" ಎಂದರು ದೊಡ್ಡಪ್ಪ, ನಿಜವಾಗಿಯೂ ಅರ್ಥವಾಗದೆ.

"ಬರುತ್ತೆ ಅಂತ ಗೊತ್ತಿರುತ್ತಲ್ಲ."

"ಗೊತ್ತಿರುತ್ತೆ ಅಂತ ಹೊರಟೇ ಜನ ಗಾಡಿ ಕೆಳಗೆ ಬೀಳೋದು."

ಹೀಗೆ ಜಗಳವಾಡುತ್ತ, ಒಂದು ಹಾಡು ಪೂರ್ತಿ, ಎಡಗಾಲು ಬಲಗಾಲು ಎನ್ನದೆ ಚಾಪೆ ತುಳಿದರು. ನನ್ನ ಭುಜದ ಮೇಲಿನ ಕೈ ಯಾವಾಗ ಸೊಂಟಕ್ಕೆ ಹೋಯಿತೋ ನನಗೂ ತಿಳಿಯಲಿಲ್ಲ. ದೊಡ್ಡಪ್ಪ ಒಮ್ಮೆಯೂ ಅವರ ಕಾಲಿನ ಕಡೆ ನೋಡಲಿಲ್ಲ. ನೋಡಿದರೆ ದೊಡ್ಡಮ್ಮನಿಗೂ ಕಾಲಿನ ಭಯ ನೆನಪಾಗಿಬಿಡುತ್ತದೆಂದು ಟೀವಿಯನ್ನೇ ದಿಟ್ಟಿಸುತ್ತ, ಬೇಕೆಂದೇ ಒಂದೊಂದು ಪೆದ್ದು ಮಾತು ಎಸೆಯುತ್ತಿದ್ದರು. ಹಾಡು ನಿಂತಿತು. ದೊಡ್ಡಮ್ಮ ಕೆಳಗೆ ನೋಡಿಕೊಂಡರು. ಮುಖ ಬಿಳುಚಿತು. "ಕುರ್ಚಿ" ಎಂದರು. ನಾನು ಎಳೆದು ತಂದೆ.

ಮರುದಿನ ಅವರೇ ಕೂತಲ್ಲಿಂದ ಚಪ್ಪಾಳೆ ತಟ್ಟಿ ತಟ್ಟಿ ಆಟದ ಹೊತ್ತನ್ನು ದೊಡ್ಡಪ್ಪನಿಂದ ಸರಿಮಾಡಿಸಿದರು. "ಇನ್ನೂ ಬೇಗ. ಇನ್ನೂ ಚೂರು. ಹಾಂ, ಅಲ್ಲಿ." ಈಗ ಮಗಳಿಗೆ ಭೇಷ್, ದೊಡ್ಡಪ್ಪನಿಗೆ ತಡ. ಲೋಕ ಸರಿಹೋಯಿತು. ಸರಿಹೋದದ್ದೇ ತೊಂದರೆಯಾಯಿತು.

ಮಗಳು ದಿನಾ ಹೋಗಿ ಕುಣಿದು ಭೇಷ್ ಅನ್ನಿಸಿಕೊಂಡು ಬರುತ್ತಾಳೆ. ದೊಡ್ಡಮ್ಮ ಕುರ್ಚಿಯಿಂದಲೇ ತಲೆದೂಗುತ್ತಾರೆ. ನೀವೂ ಬನ್ನಿ ಎಂದರೆ, "ಎಲ್ಲಾ ಸರಿಯಿದೆಯಲ್ಲ, ನಾನು ಬಂದು ಏನು ಮಾಡ್ಲಿ?" ಎನ್ನುತ್ತಾರೆ. ಅವರನ್ನು ಎಬ್ಬಿಸಿದ್ದು ಆಟವಲ್ಲ, ತಪ್ಪು ಎಂದು ನನಗೆ ಹೊಳೆಯುವ ಮೊದಲೇ ದೊಡ್ಡಪ್ಪನಿಗೆ ಹೊಳೆದಿತ್ತು. ಅವರು ಕದ್ದುಮುಚ್ಚಿ ಆಟದ ಹೊತ್ತನ್ನು ಕೂದಲೆಳೆಯಷ್ಟು ಕೆಡಿಸಿಯೂ ನೋಡಿದರಂತೆ. ದೊಡ್ಡಮ್ಮ ತಿರುಗಿಯೂ ನೋಡದೆ, "ಏನು ಕೆಡಿಸಿದ್ರೋ ಅದನ್ನ ಸರಿಮಾಡಿ" ಎಂದರಂತೆ. ಮಷಿನ್ನಿನ ತಪ್ಪಿಗೆ ಯಜಮಾನ ಇದ್ದಾನೆ, ಏಳುವ ಅಗತ್ಯವಿಲ್ಲ. ಮನುಷ್ಯರ ಕಾಲು ತಪ್ಪಿದರೆ ಮಾತ್ರ ಟೀಚರ್ ಏಳಬೇಕು.

ಇವತ್ತು ಬೆಳಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದಾಗ ಬಂದರು. ಕ್ಲಿಪ್ಪಿನ ಬುಟ್ಟಿ ಹಿಡಿದುಕೊಂಡು ಒಂದೊಂದೇ ಕ್ಲಿಪ್ಪು ಎತ್ತಿಕೊಡುತ್ತ ನಿಂತರು. ರಜೆ ಮುಗಿಯುತ್ತ ಬಂತು ಎಂದರು. ಗೊತ್ತು ಎಂದೆ. ಒಂದು ದಿಂಬಿನ ಚೀಲ, ಒಂದು ಪುಟ್ಟ ಲಂಗ, ಎರಡು ಟವೆಲ್‌ಗೆ ಕ್ಲಿಪ್ಪು ಕೊಟ್ಟರು.

"ನಿನ್ನ ಮಗಳನ್ನ ಕೇಳಿ ನೋಡಿದೆ. ಒಂದೇ ಒಂದು ಹೆಜ್ಜೆ ತಪ್ಪು ಹಾಕು ಅಂದ್ರೆ, ಬರಲ್ಲ ತಾತ ಅಂತಾಳೆ."

"ನೀವೇ ಹಾಕಬಹುದಲ್ಲ ದೊಡ್ಡಪ್ಪ. ನಿಮಗೇನು ಕಷ್ಟ?"

"ನನ್ನನ್ನ ತಿದ್ದೋದು ಅವಳು ಬಿಟ್ಟು ಎಷ್ಟೋ ಕಾಲ ಆಯ್ತಮ್ಮ. ಕೈತೊಳ್ಕೊಂಡಿದ್ದಾಳೆ." ಬುಟ್ಟಿಯಲ್ಲಿ ಕ್ಲಿಪ್ಪು ಮುಗಿದಿತ್ತು. ಆದರೂ ಕೈಯಾಡಿಸಿದರು. "ಅವತ್ತು ಚಾಪೆ ಹೊಲಿದು ಮುಗಿಸಿ ಹೊಲಿಗೆ ಗಟ್ಟಿಯಿದೆಯಾ ಅಂತ ನೀನೊಂದು ಸಲ ಹತ್ತಿ ನೋಡಿದೆ. ನೀನು ತಪ್ಪು ತಿಳ್ಕೋಬಾರದು, ನಿನ್ನ ಹೊಲಿಗೆ ತುಂಬ ಚೆನ್ನಾಗಿದೆ. ಆದರೆ ಬಾಣ ಬಲಕ್ಕೆ ಬಂದ್ರೆ ನೀನು ಎಡಕ್ಕೆ ಹೋದೆ. ಹಿಂದಕ್ಕೆ ಅಂದ್ರೆ ಎರಡೂ ಕಾಲೆತ್ತಿ ಹಾರಿದೆ. ಅಂಥದ್ದನ್ನ ಅವಳು ಕೂತ್ಕೊಂಡು ನೋಡೋದು ಸಾಧ್ಯವೇ ಇಲ್ಲ, ಹತ್ತಿರ ಬಂದು ಕಾಲು ಹಿಡಿದು ಇಡಿಸ್ತಾಳೆ. ನಾಳೆಯಿಂದ ದಿನಾ ಸಂಜೆ ಬಂದು, ಬೇಕಂತ ಏನೂ ಮಾಡಬೇಡ, ಸುಮ್ನೆ ನಿನಗೆ ಬಂದ ಹಾಗೆ ಒಂದೊಂದು ಆಟ ಕುಣಿದು ಹೋಗ್ತೀಯೇನಮ್ಮ?"